ಶಿಕ್ಷಕರ ಗ್ರೂಪಿನಲ್ಲಿ ಮಗುವಿನ ತಪ್ಪು ಉತ್ತರವನ್ನೇ ಹಾಕಿ ಕೇಳಿ

‘ಭಿನ್ನರಾಶಿ ಹೇಗೆ ಕಲಿಸೋದು?’ ಅಂತ ಸುಮ್ನೆ ಕೇಳಬೇಡಿ. ತರಗತಿ ತಿಳಿಸಿ, ಮಕ್ಕಳ ತಪ್ಪನ್ನೇ ಮುಂದಿಡಿ: ‘3ಕ್ಕಿಂತ 4 ದೊಡ್ಡದು, ಹಾಗಾಗಿ 1/3ಕ್ಕಿಂತ 1/4 ದೊಡ್ಡದು ಅಂತಾರೆ. ನೀವು ಹೇಗೆ ತಿದ್ದುತ್ತೀರಿ?’ ಇಂಥ ತಪ್ಪನ್ನು ಗಣಿತ ಕಲಿಸುವವರೆಲ್ಲ ನೋಡಿರುತ್ತಾರೆ, ಅಲ್ವಾ? ಎರಡು ನಿಮಿಷದಲ್ಲಿ ತಮ್ಮ ಅನುಭವ ಬರೆಯುತ್ತಾರೆ. ದೊಡ್ಡ ಪ್ರಶ್ನೆಗೆ ಬರೀ ಲಿಂಕ್ ಬರುತ್ತದೆ. ಒಳ್ಳೆಯ ಉಪಾಯ ಕೊಟ್ಟವರಿಗೆ, ಅದನ್ನು ಮಾಡಿ ನೋಡಿದ ಮೇಲೆ ಏನಾಯ್ತು ಅಂತ ಮರಳಿ ಬರೆಯಿರಿ. ಪರಿಚಯ ಗಟ್ಟಿಯಾಗೋದೇ ಅಲ್ಲಿ. ಫಾರ್ವರ್ಡ್‌ಗಳೇ ಜಾಸ್ತಿ ಇರುವ ಗ್ರೂಪಿನಲ್ಲಿ ಇದು ನಡೆಯುವುದಿಲ್ಲ, ಪ್ರಶ್ನೆ ಕಳೆದೇ ಹೋಗುತ್ತದೆ. ಒಂದೇ ವಿಷಯದ ಚಿಕ್ಕ ಗುಂಪು ಹುಡುಕಿ. ಮಗುವಿನ ಹೆಸರು, ಮುಖ, ಕೈಬರಹ ಯಾವತ್ತೂ ಬೇಡ. ಉತ್ತರವನ್ನು ನೀವೇ ಬೇರೆ ಹಾಳೆಯಲ್ಲಿ ಬರೆದು ಫೋಟೊ ತೆಗೆಯಿರಿ.