ಬೀಜ ಮೊದಲು ಡಬ್ಬಿಯಲ್ಲಿ ಮೊಳೆಯಲಿ, ಆಮೇಲೆ ಮಣ್ಣು

ಮೆಣಸಿನಕಾಯಿ, ಬದನೆ, ಟೊಮೆಟೊ ಬೀಜಗಳನ್ನು ನೇರವಾಗಿ ಮಣ್ಣಿಗೆ ಹಾಕುವ ಬದಲು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಟಿಶ್ಯೂ ಪೇಪರ್‌ನಲ್ಲಿ ಮಡಚಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬೆಚ್ಚಗಿರುವ ವೈಫೈ ರೂಟರ್ ಪಕ್ಕ ಇಡಿ. ಇವು ಮೊಳೆಯಲು ಬೆಳಕು ಬೇಡ. ಬೇಕಾದದ್ದು ತೇವ, ಗಾಳಿ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ. ಹಿಂಡುವುದನ್ನು ಮಾತ್ರ ಮರೆಯಬೇಡಿ, ನೀರು ನಿಂತರೆ ಗಾಳಿ ಸಿಗದೆ ಬೀಜ ಕೊಳೆಯುತ್ತದೆ. ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಬಿಳಿ ಬೇರು ಇಣುಕಿದ ಕೂಡಲೇ ಮಣ್ಣಿಗೆ ಸೇರಿಸಿ. ತಡವಾದರೆ ಬೇರು ಕಾಗದದೊಳಗೆ ಹೊಕ್ಕು, ಬಿಡಿಸುವಾಗ ಮುರಿಯುತ್ತದೆ (ಹಾಗೆ ಅಂಟಿಕೊಂಡಿದ್ದರೆ ಕಾಗದದ ಚೂರಿನ ಸಮೇತ ನೆಡಿ). ಕ್ಯಾರೆಟ್, ಮೂಲಂಗಿಗೆ ಇದು ಬೇಡವೇ ಬೇಡ: ಎಳೆ ಬೇರಿಗೆ ಪೆಟ್ಟಾದರೆ ಗೆಡ್ಡೆ ಕವಲೊಡೆಯುತ್ತದೆ. ಲೆಟ್ಯೂಸ್‌ಗೂ ಹೊಂದದು, ಅದಕ್ಕೆ ಬೆಳಕು ಬೇಕು, ಶಾಖ ಹೆಚ್ಚಾದರೆ ಮೊಳೆಯುವುದೇ ಇಲ್ಲ.