ಶಾಂಗ್ಲಾದ ನಕ್ಷೆ ಬರೆದದ್ದು

ನಾನು ಶಾಂಗ್ಲಾ ನೋಡಿಲ್ಲ. ಅದು ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾದಲ್ಲಿರುವ, ಪಶ್ತೋ ಮಾತಾಡುವ ಗುಡ್ಡಗಾಡು ಜಿಲ್ಲೆ. 1995ರವರೆಗೆ ಸ್ವಾತ್ ಜಿಲ್ಲೆಯ ಭಾಗವಾಗಿತ್ತು. ನಕ್ಷೆ ಬರೆಯುವುದು ನನ್ನ ಹವ್ಯಾಸ. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮಲಾಲಾ ಅವರ ತಂದೆಯ ಊರು ಅಲ್ಲಿದೆ ಎಂದು ಓದಿ ಕನ್ನಡದಲ್ಲಿ ನಕ್ಷೆ ಹುಡುಕಿದೆ, ಸಿಗಲಿಲ್ಲ. ನಾನೇ ಬರೆಯೋಣ ಅಂತ ಕೂತೆ.

ಮೊದಲ ಕೆಲಸ ಎತ್ತರ. ಬಾಹ್ಯಾಕಾಶ ನೌಕೆಯೊಂದು 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಅಳೆದ ಮಾಹಿತಿ ಪುಕ್ಕಟೆ ಸಿಗುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ 50 ಮೀಟರ್ ಎತ್ತರಕ್ಕೊಂದು ಗೆರೆ ಎಳೆದೆ. ಹಾಳೆಯೆಲ್ಲ ಕಪ್ಪಾಯಿತು! 200 ಮೀಟರಿಗೆ ಏರಿಸಿದ ಮೇಲೆ ಜಿಲ್ಲೆ ಕಣ್ಣಿಗೆ ಬಿತ್ತು. ಸ್ವಾತ್ ಕಡೆಯ ಶಾಂಗ್ಲಾ ಘಾಟಿ 2,000 ಮೀಟರ್ ದಾಟುತ್ತದೆ. ಅಲ್ಲಿಂದ ನೆಲ ಪೂರ್ವಕ್ಕೆ ಜಾರಿ ಬೆಶಾಮ್ ಬಳಿ ಸಿಂಧೂ ನದಿಗೆ ಇಳಿಯುತ್ತದೆ. ಅಲ್ಲೇ ಕಾರಕೋರಂ ಹೆದ್ದಾರಿ. ನಡುವೆ ಸಮತಟ್ಟು ಜಾಗ ತೀರಾ ಕಮ್ಮಿ. ಮೆಟ್ಟಿಲು ಗದ್ದೆಗಳಲ್ಲಿ ಮೆಕ್ಕೆಜೋಳ, ಗೋಧಿ. ಊರುಗಳನ್ನು ಒಂದೊಂದು ಚುಕ್ಕಿಯಿಂದ ತೋರಿಸಲು ಹೋಗಿ ಸೋತೆ, ಯಾಕೆಂದರೆ ಮನೆಗಳು ಇಳಿಜಾರಿನುದ್ದಕ್ಕೂ ಚದುರಿವೆ. ಕೊನೆಗೆ ಉಪಗ್ರಹ ಚಿತ್ರದಲ್ಲಿ ಕಂಡ ಸೂರುಗಳನ್ನೇ ಸಣ್ಣ ಸಣ್ಣದಾಗಿ ಗುರುತಿಸಿದೆ. ಮೂರು ವಾರ ಹಿಡಿಯಿತು.

ಹೆಸರುಗಳದ್ದು ಬೇರೆಯೇ ಕಥೆ. ಇಂಗ್ಲಿಷ್ ನಕ್ಷೆ ನೋಡಿ ‘ಪುರಾಣ’ ಎಂದು ಬರೆದಿದ್ದೆ, ಅದು ‘ಪೂರನ್’. ದುಬೈಯಲ್ಲಿರುವ ನಮ್ಮ ಭಾವನ ಜೊತೆ ಶಾಂಗ್ಲಾದವರೊಬ್ಬರು ಕೆಲಸ ಮಾಡುತ್ತಾರೆ. ಭಾವ ಅವರನ್ನು ‘ಲಾಲಾ’ ಅಂತಾರೆ, ಅಂದರೆ ಅಣ್ಣ. ನಾನು ಪಟ್ಟಿ ಕಳಿಸುತ್ತಿದ್ದೆ, ಲಾಲಾ ಒಂದೊಂದೇ ಹೆಸರು ಹೇಳಿ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಿದ್ದರು. ಇಂಗ್ಲಿಷ್‌ನಲ್ಲಿ ‘ಖ್ವಾರ್’ ಎಂದಿರುವುದು ಅವರ ಬಾಯಲ್ಲಿ ‘ಖ್ವಡ್’ ಅಂತ ಕೇಳಿತು. ಹಾಗೆಂದರೆ ಹಳ್ಳ. ಪಶ್ತೋದಲ್ಲೂ ನಾಲಿಗೆ ಮಡಚಿ ಹೇಳುವ ಟ, ಡ, ಣ ಇವೆ. ಹಾಗಾಗಿ ಆ ಹೆಸರುಗಳು ಇಂಗ್ಲಿಷ್‌ಗಿಂತ ಕನ್ನಡ ಲಿಪಿಯಲ್ಲಿ ಚೆನ್ನಾಗಿ ಕೂರುತ್ತವೆ. ‘ಖಾನ್ ಖ್ವಡ್ ಹಳ್ಳ’ ಅಂತ ಎರಡೆರಡು ಸಲ ಹಳ್ಳ ಬರೆದಿದ್ದನ್ನು ಅಳಿಸಿದೆ. ‘ಸರ್’ ಅಂದರೆ ತಲೆ, ಶಿಖರ. ‘ತಂಗೈ’ ಇಕ್ಕಟ್ಟು ಕಣಿವೆ, ‘ಯಖ್’ ತಣ್ಣಗಿನದು. ಯಖ್ ತಂಗೈ ಎಂಬ ಹೆಸರು ನೋಡಿ ನನ್ನ ಹೆಂಡತಿ, “ಯಾರ ತಂಗಿ ಇವಳು?” ಅಂದಳು.

ಪೀರ್ ಸರ್ ಬೆಟ್ಟಕ್ಕೆ ಮಾತ್ರ ಸ್ವಲ್ಪ ದೊಡ್ಡ ಅಕ್ಷರ ಕೊಟ್ಟೆ. ಅಲೆಕ್ಸಾಂಡರ್ ಮುತ್ತಿಗೆ ಹಾಕಿದ ಆರ್ನೋಸ್ ಕೋಟೆ ಇದೇ ಎಂದು ಪುರಾತತ್ವಜ್ಞ ಆರೆಲ್ ಸ್ಟೈನ್ 1926ರಲ್ಲಿ ಅಲ್ಲಿಗೆ ಹೋಗಿ ಗುರುತಿಸಿದರು. ಇಟಲಿಯ ವಿದ್ವಾಂಸ ಟುಚ್ಚಿ ಒಪ್ಪಲಿಲ್ಲ, ಸ್ವಾತ್-ಬುನೇರ್ ಗಡಿಯ ಇಲಂ ಬೆಟ್ಟ ಅಂದರು. ನಾನು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾದೆ.

ಮುಗಿಯಿತು ಎಂದುಕೊಂಡು ಲಾಲಾಗೆ ಕಳಿಸಿದೆ. ತಿರುಗಿ ಬಂದ ದನಿಯನ್ನು ಭಾವ ಕನ್ನಡದಲ್ಲಿ ಹೇಳಿದರು: “ಎಲ್ಲ ಸರಿ ಇದೆ. ಆದರೆ ನಮ್ಮ ಗಂಡಸರು ಎಲ್ಲಿ, ಕಲ್ಲಿದ್ದಲು ಗಣಿ ಎಲ್ಲಿ ಅಂತ ಕೇಳ್ತಿದ್ದಾರೆ.”

ಶಾಂಗ್ಲಾದಲ್ಲಿ ಕಲ್ಲಿದ್ದಲು ಗಣಿ ಇಲ್ಲವಲ್ಲ ಅಂದೆ. ಲಾಲಾ ಹೇಳಿದ್ದೂ ಅದೇ. 2017ರ ಜನಗಣತಿಯಲ್ಲಿ 7,57,810 ಜನ, ಜಾಗ 1,586 ಚದರ ಕಿಲೋಮೀಟರ್. ಆ ಮೆಟ್ಟಿಲು ಗದ್ದೆ ಅಷ್ಟೂ ಹೊಟ್ಟೆ ತುಂಬಿಸುವುದಿಲ್ಲ. ಅದಕ್ಕೇ ಪೀಳಿಗೆಗಳಿಂದ ಗಂಡಸರು ಬಲೂಚಿಸ್ತಾನಕ್ಕೆ, ಪೇಶಾವರದ ದಕ್ಷಿಣದ ದರ್ರಾ ಆದಂ ಖೇಲ್ ಕಡೆಗೆ ಗಣಿ ಕೆಲಸಕ್ಕೆ ಹೋಗುತ್ತಾರೆ. 2011ರಲ್ಲಿ ದರ್ರಾ ಕಡೆ ಅಪಹರಣವಾದ 16 ಗಣಿ ಕಾರ್ಮಿಕರ ಅವಶೇಷ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಅವರು ಶಾಂಗ್ಲಾದವರು.

ನಕ್ಷೆಯ ಕೆಳಗಿನ ಮೂಲೆಯಲ್ಲಿ ಇನ್ನೊಂದು ಚೌಕ ಹಾಕಿದೆ. ಅದರಲ್ಲಿ ಬಲೂಚಿಸ್ತಾನದ ಕ್ವೆಟ್ಟಾ, ದರ್ರಾ, ದುಬೈ. ಶಾಂಗ್ಲಾದ ಜಿಲ್ಲಾ ಕೇಂದ್ರ ಅಲ್ಪುರೈ ಪಟ್ಟಣದಿಂದ ಮೂರಕ್ಕೂ ತೆಳ್ಳಗೆ ಗೆರೆ ಎಳೆದೆ. ದುಬೈ ಗೆರೆ ಚೌಕದಿಂದ ಸ್ವಲ್ಪ ಹೊರಗೆ ಹೋಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ.