ಪಿಸಿನಾ, ಪ್ಲೇಸ್ಟೇಷನ್ನಾ? ದುಡ್ಡು ಕೊಡೋ ಮುಂಚೆ ಇದನ್ನು ಓದಿ

ಮಕ್ಕಳಿಗೆ ಗೇಮ್ ಆಡೋಕೆ ಯಾವುದು ಕೊಡಿಸಲಿ ಅಂತ ಯೋಚಿಸುತ್ತಿರುವವರಿಗೆ ಒಂದು ಮಾತು. ಮೊದಲೆಲ್ಲ ಕೆಲವು ಆಟಗಳಿಗಾಗಿಯೇ ಪ್ಲೇಸ್ಟೇಷನ್ (ಪಿಎಸ್), ಅಂದರೆ ಟಿವಿಗೆ ಹಾಕಿ ಆಡುವ ಸೋನಿಯ ಗೇಮ್ ಕನ್ಸೋಲ್, ಕೊಳ್ಳಬೇಕಿತ್ತು. ಈಗ ಅಂಥ ಎಷ್ಟೋ ಆಟಗಳು ಪಿಸಿಗೂ ಬಂದಿವೆ. 2018ರಲ್ಲಿ ಪಿಎಸ್4ಗೆ ಬಂದ ಗಾಡ್ ಆಫ್ ವಾರ್ 2022ರ ಜನವರಿಯಲ್ಲಿ ಪಿಸಿಗೆ ಬಂತು. ಕಾಯಬೇಕಾಯಿತು, ಅಷ್ಟೇ.

ಸುಮ್ನೆ ಡಬ್ಬದ ಬೆಲೆ ಮಾತ್ರ ನೋಡಬೇಡಿ. ಪಿಎಸ್5ನಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನೂ ಗೆಳೆಯರ ಜೊತೆ ಆನ್‌ಲೈನ್ ಆಡಲು ಸಾಮಾನ್ಯವಾಗಿ ಪಿಎಸ್ ಪ್ಲಸ್ ಚಂದಾ ಬೇಕು. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಬೇಡ. ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆ ಖರ್ಚಿಲ್ಲ. ಅಲ್ಲಿ ಕೊಂಡ ಆಟ ಹಿಡಿಸದಿದ್ದರೆ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ನಮ್ಮ ಹಳೇ ಪಿಸಿಯಲ್ಲಿ ಒಂದು ಆಟ ತಡವರಿಸಿ ತಡವರಿಸಿ ಓಡಿದಾಗ ಹೀಗೇ ವಾಪಸ್ ಪಡೆದೆವು.

ಆದರೆ ಆಟದ ಡಿಸ್ಕ್ ಅನ್ನೋದು ಕನ್ಸೋಲ್‌ನ ದೊಡ್ಡ ಬಲ. ಆಡಿ ಮುಗಿಸಿ ಮಾರಬಹುದು, ಗೆಳೆಯರಿಂದ ಕೇಳಿ ತರಬಹುದು. ಸ್ಟೀಮ್ ಆಟವನ್ನು ಮಾರೋಕಾಗಲ್ಲ ಅಲ್ವಾ? ಹಾಗಾಗಿ ಪಿಎಸ್5 ಅಂತ ತೀರ್ಮಾನಿಸಿದರೆ ಡಿಸ್ಕ್ ಡ್ರೈವ್ ಇರುವುದನ್ನೇ ಕೊಳ್ಳಿ.

ಪಿಸಿ ಆದರೆ ಬೆಂಗಳೂರಿನವರು ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ) ರೇಟ್ ಕೇಳಿ. ಜಾಸ್ತಿ ದುಡ್ಡು ಹೋಗೋದು ಅದಕ್ಕೇ. ಬಿಲ್‌ನಲ್ಲಿ ಅದರ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.